ನಾನು ದಾಟದ ಹೊಳೆ

ನನಗೆ ಈಜು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಇಂಡಿ, ಸಿಂದಗಿಯ ಕಡೆ ನನ್ನನ್ನು ಬಲ್ಲವರು ನಂಬಿಕೊಂಡಿರುವುದೇ ಬೇರೆ. ಮೊಣಕಾಲು ಮುಳುಗುವಷ್ಟು ನೀರು ಕಂಡರೆ ನನಗೆ ಸತ್ತ ಹಿರಿಯರೆಲ್ಲ ಒಬ್ಬೊಬ್ಬರಾಗಿ ನೆನಪಾಗುತ್ತಾರೆ. ಬಾವಿಗೆ ಇಣುಕಬೇಕಾದರೆ ಹಿಂದಿನಿಂದ ಯಾರಾದರೂ ಅಂಗಿ ಹಿಡಿದಿರಬೇಕು. ಇಂಥವನಿಗೆ, ತುಂಬಿದ ಕೃಷ್ಣೆಯನ್ನು ಕುರಿಹಿಂಡಿನ ಜೊತೆ ದಾಟಿದ ಗಂಡಸು ಎಂದು ಮೆಚ್ಚಿ ನೌಕರಿ ಕೊಟ್ಟರು. ಆ ನೌಕರಿಯ ಅನ್ನವನ್ನೇ ಈ ಹೊತ್ತಿಗೂ ಉಣ್ಣುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಮುದ್ದೇಬಿಹಾಳದಲ್ಲಿ ನಮ್ಮದು ಕಿರಾಣಿ ಅಂಗಡಿ. ಹಿರಿಯ ಮಗನೆಂದು ಅದು ನನಗೆ ಬರಬೇಕಿತ್ತು. ಆದರೆ ಬೆಲ್ಲ ತೂಗುವಾಗ ತಕ್ಕಡಿಯನ್ನು ಮೂರು ಸಲ ನೋಡಿ, ಗಿರಾಕಿ ಹೋದ ಮೇಲೆ ತಪ್ಪು ತೂಗಿದೆನೇನೋ ಎಂದು ಅವನ ಹಿಂದೆ ಓಡುವವನು ನಾನು. "ಇಂವ ಅಂಗಡ್ಯಾಗ ಕುಂತ್ರ ಗಿರಾಕಿ ಮುಪ್ಪಾಗಿ ಮನಿಗಿ ಹೋಗ್ತಾನ" ಎಂದು ಅಪ್ಪ ತಮ್ಮನನ್ನು ಗಾದಿಯ ಮೇಲೆ ಕೂರಿಸಿದ. ಪಿಯುಸಿ ಮುಗಿಸಿ ಎರಡು ವರ್ಷ ನಾನು ಮನೆಯಲ್ಲಿ ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಸರಿಸುವ ಹಪ್ಪಳದ ಹಾಗೆ ಇದ್ದೆ. ಬಂದವರು "ಏನ್ ಮಾಡಾಕತ್ತಾನ ನಿಮ್ಮ ಹಿರಿಯಾಂವ?" ಎಂದು ಕೇಳಿದರೆ ಅವ್ವ ಕುಡಿಯಲು ನೀರು ತರುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು.

ಆಗ ಬಸವನ ಬಾಗೇವಾಡಿಯಿಂದ ಒಂದು ಲಕೋಟೆ ಬಂತು. ಅಕ್ಕಪಕ್ಕದ ನಾಲ್ಕು ತಾಲೂಕುಗಳಲ್ಲಿ ಶಾಖೆಗಳಿದ್ದ ಒಂದು ಸಹಕಾರಿ ಸಂಘದಲ್ಲಿ ಕಾರಕೂನನ ಜಾಗ ಖಾಲಿ ಇತ್ತು. ಒಂದೇ ಜಾಗ. ಹದಿನೈದು ದಿನಕ್ಕೆ ಸಂದರ್ಶನ. ಅಂಥದೇ ಲಕೋಟೆ ನನ್ನ ಗೆಳೆಯನಿಗೂ ಬಂದಿತ್ತು.

ಗೆಳೆಯ ತಂಗಡಗಿಯ ಸಮೀಪದ ಒಂದು ಹಳ್ಳಿಯವನು. ಕುರಿ ಕಾಯುವ ಮನೆತನ. ಅವರಲ್ಲಿ ಅಕ್ಷರ ಕಲಿತವನು ಇವನೊಬ್ಬನೇ. ಮುದ್ದೇಬಿಹಾಳದಲ್ಲಿ ಯಾರೋ ಸಂಬಂಧಿಕರ ಮನೆಯ ಅಟ್ಟದಲ್ಲಿದ್ದು ಓದಿದ್ದ. ಹೈಸ್ಕೂಲಿನಿಂದ ನಾವಿಬ್ಬರೂ ಒಂದೇ ಬೆಂಚು. ಅವನ ಮನೆಯವರನ್ನು ಮಾತ್ರ ನಾನು ನೋಡಿರಲಿಲ್ಲ, ಅವರು ವರ್ಷದ ಬಹಳ ತಿಂಗಳು ಹಿಂಡಿನ ಹಿಂದೆ ಇರುತ್ತಿದ್ದರು. ಅಂಗಡಿಕಾರನ ಮಗನೆಂದು ನನ್ನನ್ನು ಅವನು "ಸಾವ್ಕಾರ" ಎಂದು ಹಂಗಿಸುತ್ತಿದ್ದ.

"ನಿಂದೇನ ಸಾವ್ಕಾರ, ಆಗಲಿಲ್ಲಂದ್ರ ಮನ್ಯಾಗ ಬುಂದೆ ತಿನಕೋಂತ ಕುಂದರ್ತಿ" ಎಂದ ಲಕೋಟೆ ಬಂದ ದಿನ. "ನಂಗ ಇದ ಕಡೀದು. ಈ ಸಲ ಆಗಲಿಲ್ಲಂದ್ರ ಮತ್ತ ಕಂಬಳಿ ಹೊತ್ಕೊಂಡು ಹಿಂಡಿನ ಹಿಂದ ಬಾ ಅಂದಾರ."

ಒಂದೇ ಜಾಗಕ್ಕೆ ಇಬ್ಬರು ಹೊಡೆದಾಡಬೇಕು ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಅದರ ಮಾತು ಬಂದಾಗಲೆಲ್ಲ "ಯಾರಿಗರ ಆಗ್ಲಿ, ಒಬ್ಬಗ ಆದ್ರ ಇಬ್ಬರಿಗೂ ಆದಂಗ" ಎಂದುಕೊಳ್ಳುತ್ತಿದ್ದೆವು. ಅವನು ಅದನ್ನು ಮನಸ್ಸಿನಿಂದ ಹೇಳುತ್ತಿದ್ದನೆಂದು ಈಗಲೂ ನಂಬಿದ್ದೇನೆ. ನನ್ನ ಮನಸ್ಸಿನ ಬಗ್ಗೆ ಅಷ್ಟು ಖಾತ್ರಿಯಿಲ್ಲ.

ಸಂದರ್ಶನವೆಂದರೆ ಏನೆಂದು ನಮಗಿಬ್ಬರಿಗೂ ತಿಳಿಯದು. ಊರಿನಲ್ಲಿ ಅದನ್ನು ಬಲ್ಲವರೆಂದರೆ ನಿವೃತ್ತರಾದ ಒಬ್ಬ ಹೆಡ್ಮಾಸ್ತರರು. ತಾವು ಒಮ್ಮೆ ಸಂದರ್ಶನದ ಮೇಜಿನ ಆಚೆ ಬದಿಗೆ ಕೂತವರೆಂದು ಹೇಳಿಕೊಳ್ಳುತ್ತಿದ್ದರು. ಅವರ ಮನೆಯ ಪಡಸಾಲೆಯಲ್ಲಿ ದಿನಾ ಮಧ್ಯಾಹ್ನ ನಮ್ಮ ಶಿಕ್ಷಣ ಸುರುವಾಯಿತು. ಅವರು ಕುರ್ಚಿಯ ಮೇಲೆ, ಬಾಯಲ್ಲಿ ಎಲೆ ಅಡಿಕೆ. ನಾವು ಹೊರಗೆ ಕಟ್ಟೆಯ ಮೇಲೆ. ಅವರು "ಹೂಂ" ಎಂದಾಗ ಒಬ್ಬೊಬ್ಬರು ಬಾಗಿಲಲ್ಲಿ ನಿಂತು "ಮೇ ಐ ಕಮಿನ್ ಸರ್" ಎನ್ನಬೇಕು. ಆ ಮನೆಯ ಬಾಗಿಲು ಗಿಡ್ಡ. ಮೊದಲ ದಿನ ನಾನು ಹಣೆ ಬಡಿಸಿಕೊಂಡೆ. ಎರಡನೆಯ ದಿನದಿಂದ ಎಷ್ಟು ಬಗ್ಗಿ ಒಳಬರುವುದು ರೂಢಿಯಾಯಿತೆಂದರೆ, ಮುಂದೆ ಬಾಗೇವಾಡಿಯ ಎತ್ತರದ ಬಾಗಿಲಲ್ಲೂ ಹಾಗೆಯೇ ಬಗ್ಗಿ ಹೋದೆ. ಅದನ್ನು ಅವರು ವಿನಯವೆಂದು ತಿಳಿದರು.

ಮಾಸ್ತರರ ಪದ್ಧತಿ ಶಾಲೆಯ ಪದ್ಧತಿ. ಒಬ್ಬ ಹೇಳಬೇಕು, ಇನ್ನೊಬ್ಬ ಅದನ್ನೇ ಹಾಗೆಯೇ ತಿರುಗಿ ಹೇಳಬೇಕು. ಮಗ್ಗಿ, ಪದ್ಯ, ತಿಂಗಳುಗಳ ಹೆಸರು ನಾವೆಲ್ಲ ಕಲಿತದ್ದು ಹೀಗೆಯೇ. ಉತ್ತರಗಳನ್ನೂ ಹೀಗೆಯೇ ಕಲಿಸಿದರು. ಗೆಳೆಯನ ಉತ್ತರ ನನಗೆ ಬಾಯಿಪಾಠ, ನನ್ನದು ಅವನಿಗೆ.

"ಯಾಕ್ರಿ ಸರ್ರ, ಅಂವಂದು ನಂಗ್ಯಾಕ?" ಎಂದು ನಾನು ಒಮ್ಮೆ ಕೇಳಿದೆ.

"ಮಂಗ್ಯಾನ ಮಗನ, ಕಿವಿಗಿ ಬಿದ್ದದ್ದು ಮರೀತೈತಿ, ಬಾಯಿಗಿ ಬಿದ್ದದ್ದು ಮರಿಯೂದಿಲ್ಲ. ಒಬ್ಬಾಂವ ತಪ್ಪಿದ್ರ ಇನ್ನೊಬ್ಬಾಂವ ತಿದ್ದಬೇಕು. ಹೇಳು!"

ಹೇಳಿದೆ. ಸಹಕಾರವೆಂದರೇನು, ರಾಜ್ಯದ ಹೆಸರು ಹೊಸದಾಗಿ ಏನಾಗಿದೆ, ನೌಕರಿ ಯಾಕೆ ಬೇಕು, ಎಲ್ಲವನ್ನೂ ಇಬ್ಬರೂ ಒಂದೇ ರಾಗದಲ್ಲಿ ಹೇಳುತ್ತಿದ್ದೆವು. ಹಾದಿಯಲ್ಲಿ ಹೋಗುವವರು ಮಾಸ್ತರರ ಮನೆಯಲ್ಲಿ ಭಜನೆ ನಡೆದಿದೆ ಎಂದು ಇಣುಕಿ ನೋಡಿದ್ದೂ ಉಂಟು.

ತೊಡಕು ಬಂದದ್ದು ಒಂದು ಪ್ರಶ್ನೆಗೆ. "ಇದನ್ನಂತೂ ಕೇಳೇ ಕೇಳ್ತಾರ, ಬರಕೋರಿ" ಎಂದು ಮಾಸ್ತರರು ಬೆರಳೆತ್ತಿದರು. "ನಿನ್ನ ಜೀವನದಾಗ ಬಂದ ಕಠಿಣ ಪ್ರಸಂಗ ಯಾವುದು, ಆವಾಗ ನೀ ಏನು ಮಾಡಿದಿ?"

ನನ್ನ ಜೀವನದಲ್ಲಿ ಕಠಿಣ ಪ್ರಸಂಗಗಳು ದಿನಕ್ಕೆ ನಾಲ್ಕು ಬರುತ್ತಿದ್ದವು, ಆದರೆ ಒಂದೂ ನಡೆಯುತ್ತಿರಲಿಲ್ಲ. ಬಹಳ ಯೋಚಿಸಿ ಹೇಳಿದೆ: "ಒಂದ್ಸಲ ಗೋದಿ ಚೀಲದಾಗ ಹಾವ ಬಂದಿತ್ರಿ."

"ಹಾಂ, ಛಲೋ. ನೀ ಏನ್ ಮಾಡ್ದಿ?"

"ಅಪ್ಪಗ ಹೇಳಿದ್ನಿರಿ."

"ಅಪ್ಪ ಏನ್ ಮಾಡ್ದ?"

"ನೋಡಿದ್ರಿ. ಅದು ಹಗ್ಗ ಇತ್ತು."

ಗೆಳೆಯ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಉರುಳಿದ. ಮಾಸ್ತರರ ಬಾಯಿಯ ಎಲೆ ಅಡಿಕೆ ಅಂಗಳದವರೆಗೆ ಹೋಯಿತು. ಕೊನೆಗೆ ಅವರು ಹಗ್ಗವನ್ನು ನಾಗರಹಾವು ಮಾಡಿ, ಅಪ್ಪನನ್ನು ತೆಗೆದುಹಾಕಿ, ನನ್ನ ಕೈಗೆ ಒಂದು ಬಡಿಗೆ ಕೊಟ್ಟರು. ಆ ಉತ್ತರವನ್ನು ನಾನು ನೂರು ಸಲ ಹೇಳಿದೆ. ನೂರು ಸಲವೂ ಬಡಿಗೆಯ ಹತ್ತಿರ ಬಂದಾಗ ನನ್ನ ದನಿ ಸಣ್ಣಗಾಗುತ್ತಿತ್ತು.

ಆಮೇಲೆ ಗೆಳೆಯನ ಸರದಿ. ಅವನು ಸುರುಮಾಡಿದ. ಹೊಳೆಯ ನಡುಗಡ್ಡೆಯಲ್ಲಿ ಹಿಂಡು ಮೇಯುತ್ತಿತ್ತು. ಇಲ್ಲಿ ಮಳೆಯಿಲ್ಲ, ಎಲ್ಲೋ ಪಡುವಣ ಘಟ್ಟದಲ್ಲಿ ಆದ ಮಳೆ. ನೀರು ಸದ್ದಿಲ್ಲದೆ ಏರತೊಡಗಿತು. ದಾಟದಿದ್ದರೆ ಹಿಂಡು ಉಳಿಯದು, ಆದರೆ ಕುರಿಗಳು ನೀರಿಗೆ ಇಳಿಯವು. ಮುಂದೆ ನಡೆಯುವ ಟಗರಿನ ಕೋಡು ಹಿಡಿದು ಒಬ್ಬರು ಮೊದಲು ಇಳಿಯಬೇಕು; ಅದು ಇಳಿದರೆ ಉಳಿದವು ಹಿಂದೆ ಬರುತ್ತವೆ. ಇಳಿದದ್ದು, ನೀರು ಸೊಂಟಕ್ಕೆ ಬಂದದ್ದು, ಎದೆಗೆ ಬಂದದ್ದು, ಕಾಲಡಿಯ ಉಸುಕು ಜಾರಿದ್ದು, ಎಲ್ಲ ಹೇಳಿದ.

"ದಂಡಿ ಮ್ಯಾಲ ಕುರಿ ಹ್ಯಾಂಗ ಒದರ್ತಾವು, ಕೇಳೀರಲ್ರಿ ಸರ್ರ? ನೀರಿಗಿ ಇಳದಕೂಡಲೇ ಒಂದೂ ಒದರೂದಿಲ್ಲ. ಅಷ್ಟೂ ಕುರಿ ಮಾರಿ ಮ್ಯಾಲ ಮಾಡಿ ಸುಮ್ಮಕ ಬರ್ತಾವು. ಆ ಸುಮ್ಮಕ ಇರೂದಕ್ಕ ಎದಿ ಒಡೀತೈತ್ರಿ."

ಮಾಸ್ತರರು ಬಾಯಿ ಒರೆಸಿಕೊಂಡು, "ಇದ ಆತು. ಆದ್ರ ಇಳದದ್ದು ಯಾರು ಅಂತ ಹೇಳಲೇ ಇಲ್ಲಲ್ಲೋ ತಮ್ಮಾ. 'ನಾನು ಇಳಿದೆ' ಅಂತ ಗಟ್ಟಿ ಹೇಳು. ಸಂದರ್ಶನದಾಗ 'ನಾನು' ಅನ್ನೂದ ಮುಖ್ಯ" ಎಂದರು. ಅವನು ಹೇಳಿದ. ಮಾಸ್ತರರು ಅದನ್ನು ಪುಸ್ತಕದ ಭಾಷೆಗೆ ತಿದ್ದಿದರು. ಪದ್ಧತಿಯಂತೆ ನಾನೂ ಹೇಳಿದೆ: ನಾನು ಟಗರಿನ ಕೋಡು ಹಿಡಿದೆನು. ನಾನು ನೀರಿಗೆ ಇಳಿದೆನು. ನಾನು ಧೈರ್ಯಗುಂದಲಿಲ್ಲ.

ಹನ್ನೆರಡು ದಿನ ದಿನಕ್ಕೆ ಮೂರು ಸಲ ನಾನು ಆ ಹೊಳೆಗೆ ಇಳಿದೆ. ಹಾವಿನ ಕತೆಯಲ್ಲಿ ಸಣ್ಣಗಾಗುತ್ತಿದ್ದ ನನ್ನ ದನಿ ಹೊಳೆಯಲ್ಲಿ ಗಟ್ಟಿಯಾಗುತ್ತಿತ್ತು. "ಸಾವ್ಕಾರ, ನನಕಿಂತ ನೀನ ಛಲೋ ದಾಟ್ತಿ ಬಿಡು" ಎಂದು ಗೆಳೆಯ ನಗುತ್ತಿದ್ದ.

ಸಂದರ್ಶನದ ದಿನ ಕೆಂಡ ತುಂಬಿದ ತಂಬಿಗೆಯಿಂದ ಅಂಗಿ ಇಸ್ತ್ರಿ ಮಾಡಿಕೊಂಡು, ಮುಂಜಾನೆಯ ಬಸ್ಸಿಗೆ ಬಾಗೇವಾಡಿಗೆ ಹೋದೆವು. ಸಂಘದ ಕಚೇರಿಯ ವರಾಂಡದಲ್ಲಿ ಹತ್ತು ಹನ್ನೆರಡು ಜನ ಬೆಂಚುಗಳ ಮೇಲೆ ಕೂತಿದ್ದರು. ನಾನು ಅಷ್ಟರಲ್ಲಿ ಮೂರು ಸಲ ಹಿತ್ತಲಿಗೆ ಹೋಗಿ ಬಂದಿದ್ದೆ. ನನ್ನ ಹೆಸರು ಮೊದಲು ಬಂತು, ನನ್ನ ನಂತರ ಇನ್ನೊಬ್ಬ, ಆಮೇಲೆ ಗೆಳೆಯ.

ಒಳಗೆ ಮೂವರು. ನಡುವೆ ಕನ್ನಡಕದ ಸಾಹೇಬರು, ಒಂದು ಬದಿಗೆ ಬರೆದುಕೊಳ್ಳುವವರು, ಇನ್ನೊಂದು ಬದಿಗೆ ರುಮಾಲು ಸುತ್ತಿದ ಒಬ್ಬ ಹಿರಿಯ ಒಕ್ಕಲಿಗರು. ಮೊದಲಿನ ಪ್ರಶ್ನೆಗಳಿಗೆ ಉತ್ತರ ತಾನಾಗಿ ಬಂತು. ಆಮೇಲೆ ರುಮಾಲಿನವರು ಮುಂದಕ್ಕೆ ಬಗ್ಗಿ ಕೇಳಿದರು: "ಅದೆಲ್ಲಾ ಇರ್ಲಿ ತಮ್ಮಾ. ಯಾವಾಗರ ಕಠಿಣ ಹೊತ್ತು ಬಂದೈತೇನು ನಿನಗ? ಏನ್ ಮಾಡ್ದಿ?"

ನಾನು ಹಾವನ್ನು ಹುಡುಕಿದೆ. ಹಾವು ಇರಲಿಲ್ಲ. ಚೀಲವೂ ಇರಲಿಲ್ಲ, ಬಡಿಗೆಯೂ ಇರಲಿಲ್ಲ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಆ ಸದ್ದಿನೊಳಗಿಂದ ನನ್ನ ಬಾಯಿ ತಾನೇ ತಾನಾಗಿ ಹೇಳಿತು: "ತಂಗಡಗಿಯ ಸಮೀಪ ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ನಮ್ಮ ಕುರಿಗಳು ಮೇಯುತ್ತಿದ್ದವು."

ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೋಡು ಹಿಡಿದೆ, ಇಳಿದೆ, ಎದೆಮಟ್ಟದ ನೀರಿನಲ್ಲಿ ನಡೆದೆ. ಕುರಿಗಳು ಸುಮ್ಮನಾದ ಜಾಗ ಬಂದಾಗ ಪುಸ್ತಕದ ಭಾಷೆ ಬಿಟ್ಟುಹೋಗಿ ಗೆಳೆಯನ ಮಾತೇ ಬಂತು: ಆ ಸುಮ್ಮಕ ಇರೂದಕ್ಕ ಎದಿ ಒಡೀತೈತ್ರಿ. ರುಮಾಲಿನವರು ಮೇಜಿನ ಮೇಲೆ ಅಂಗೈ ಬಡಿದರು. "ಖರೇ ಐತಿ ನೋಡ್ರಿ! ಕಣ್ಣಿಲೆ ಕಂಡಾಂವ ಅಷ್ಟ ಹೇಳೂ ಮಾತು ಇದು."

ಕನ್ನಡಕದವರು ನನ್ನ ಅರ್ಜಿ ನೋಡುತ್ತ, "ಆದ್ರ ನಿಮ್ಮ ತಂದೀದು ಕಿರಾಣಿ ಅಂಗಡಿ ಅಂತ ಬರದೀರಿ. ಕುರಿ ಎಲ್ಲಿಂದ ಬಂದ್ವು?" ಎಂದರು.

ಇಲ್ಲಿಯವರೆಗೆ ಆದದ್ದು ಬಾಯಿಪಾಠದ ತಪ್ಪು ಎಂದು ಯಾವ ದೇವರ ಮುಂದೆ ಬೇಕಾದರೂ ವಾದಿಸಬಲ್ಲೆ. ಎಷ್ಟೋ ಸಲ ವಾದಿಸಿದ್ದೇನೆ. ಆದರೆ ಆಗ ನಾನು ಯೋಚನೆ ಮಾಡಿ, ಪೂರಾ ಎಚ್ಚರದಿಂದ ಹೇಳಿದೆ: "ನಮ್ಮ ಸ್ವಾದರಮಾವಂದ್ರಿ. ಪಾಲಿಗಿ ಸಾಕ್ಯಾರ. ರಜಾದಾಗ ನಾ ಕಾಯಾಕ ಹೋಗ್ತಿದ್ನಿರಿ." ಇದು ಯಾರೂ ಕಲಿಸದ ಉತ್ತರ. ಇದು ನನ್ನದೇ.

ಹೊರಗೆ ಬಂದೆ. ಎರಡನೆಯವನು ಒಳಗೆ ಹೋದ. ಗೆಳೆಯ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟ.

"ಏನ್ ಕೇಳಿದ್ರು ಲೇ?"

ಅವನನ್ನು ಎಚ್ಚರಿಸಲು ನನಗೆ ಹೊತ್ತಿತ್ತು. ಆ ಎರಡನೆಯವನು ಒಳಗಿದ್ದಷ್ಟು ಹೊತ್ತೂ ಇತ್ತು. "ಹೊಳೀದು ಹೇಳಬ್ಯಾಡ, ನಾ ಹೇಳಿಬಿಟ್ಟೇನಿ" ಎಂದರೆ ಸಾಕಿತ್ತು; ಅವನು ನನಗೆ ಒಂದು ಗುದ್ದು ಕೊಟ್ಟು, ಬೇರೆ ಏನನ್ನಾದರೂ ಹೇಳುತ್ತಿದ್ದ, ಅವನ ಹತ್ತಿರ ಹೇಳುವುದಕ್ಕೆ ಬೇಕಾದಷ್ಟಿತ್ತು. ನಾನು ಅಂಗಿಯ ಗುಂಡಿ ತಿರುವುತ್ತ ಹೇಳಿದೆ: "ಏನಿಲ್ಲ. ಸಾದಾ ಪ್ರಶ್ನೆ. ಸಹಕಾರ ಅಂದ್ರೇನು ಅಂತ."

"ಕಠಿಣ ಪ್ರಸಂಗ?"

"ಕೇಳಿದ್ರು. ಹಾವಿಂದ ಹೇಳ್ದೆ."

ಅವನು ನಕ್ಕ. "ಹಗ್ಗ ಅಂತ ಅಂದಿಲ್ಲ ಹೌದಲ್ಲೋ?" ಅಷ್ಟರಲ್ಲಿ ಅವನ ಹೆಸರು ಕರೆದರು.

ಕಿಟಕಿಯ ಅರ್ಧ ಬಾಗಿಲು ತೆರೆದಿತ್ತು. ಅವನ ದನಿ ಕೇಳುತ್ತಿತ್ತು, ಶಬ್ದಗಳು ಕೇಳುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ರುಮಾಲಿನವರ ನಗು. ನಗುವಿನ ಹಿಂದೆ ಅವರ ಗಟ್ಟಿ ಮಾತು ವರಾಂಡದವರೆಗೆ ಬಂತು: "ಇವತ್ತ ಹೊಳಿಗಿ ಭಾಳ ಕುರಿ ಇಳದಾವಲ್ಲೋ ತಮ್ಮಾ! ಸಾಕು, ಸಾಕು. ಇದನ್ನ ಕೇಳೇವಿ. ಕಲಿಸಿದ ಗಿಣಿ ಆಗಬಾರ್ದು." ಬೆಂಚಿನ ಮೇಲಿದ್ದವರೂ ಏನೆಂದು ತಿಳಿಯದೆ ನಕ್ಕರು. ನಾನೂ ತುಟಿ ಅಗಲ ಮಾಡಿದೆನೆಂದು ನೆನಪು.

ಅವನು ಹೊರಬಂದಾಗ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲವೇನೋ. ನನ್ನನ್ನು ಒಮ್ಮೆ ನೋಡಿ, "ನಡಿ, ಬಸ್ಸಿನ ಹೊತ್ತಾತು" ಎಂದ. ಮುದ್ದೇಬಿಹಾಳ ಬರುವವರೆಗೆ ಆಡಿದ್ದು ಒಂದೇ ಮಾತು: "ನೀ ಭಾಳ ಛಲೋ ಹೇಳಿರಬೇಕು."

ನೇಮಕದ ಪತ್ರ ನನಗೆ ಬಂತು. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಗೆಳೆಯನಿಗೆ ಕೊಡಬೇಕೆಂದು ನಾನು ಅಟ್ಟದ ಮನೆಗೆ ಹೋದಾಗ ಅವನು ಊರಿಗೆ ಹೋಗಿ ವಾರವಾಗಿತ್ತು. ಸಮಾಧಾನವಾಯಿತು. ನಾಚಿಕೆ ಆಮೇಲೆ ಬಂತು. ಅದು ನನ್ನಲ್ಲಿ ಯಾವಾಗಲೂ ತಡವಾಗಿಯೇ ಬರುವ ಬಸ್ಸು.

ನೌಕರಿಯ ಮೊದಲ ಊರು ಸಿಂದಗಿ. ನನಗಿಂತ ಮೊದಲೇ ಹೊಳೆ ಅಲ್ಲಿಗೆ ತಲುಪಿತ್ತು. ರುಮಾಲಿನ ಹಿರಿಯರು ಸಂಘದ ಎಲ್ಲ ಶಾಖೆಗಳಲ್ಲೂ ನನ್ನ ಸಾಹಸವನ್ನು ಹೇಳಿದ್ದರು. ಕಚೇರಿಯಲ್ಲಿ ನನಗೆ "ಹೊಳಿ ಕಾರಕೂನ" ಎಂಬ ಹೆಸರು ಬಿತ್ತು. ಹೊಸಬರು ಬಂದರೆ, ಸಾಹೇಬರು ತಪಾಸಣೆಗೆ ಬಂದರೆ, ಚಹಾ ಬಂದರೆ, "ಆ ಹೊಳೀದು ಒಂದ್ಸಲ ಹೇಳ್ರೆಲಾ" ಎನ್ನುವರು. ಹೇಳುತ್ತಿದ್ದೆ. ಹೇಳದಿದ್ದರೆ ಸಂಶಯ ಬರುತ್ತದೆ ಎಂಬ ಹೆದರಿಕೆ. ಹೇಳಿದರೆ ಯಾರಾದರೂ ತಂಗಡಗಿಯ ಕಡೆಯವರು ಎದುರಿಗಿರಬಹುದೆಂಬ ಹೆದರಿಕೆ. ನನ್ನ ಮಾವ ಹೆಣ್ಣು ಕೊಡುವಾಗ ಬೇರೇನನ್ನೂ ವಿಚಾರಿಸಲಿಲ್ಲ. ಮದುವೆಯಾಗಿ ತಿಂಗಳಲ್ಲಿ ಹೆಂಡತಿ ಕೇಳಿದಳು: "ಹೊಳಿ ದಾಟಿದಾವ್ರು ಬಚ್ಚಲದಾಗ ಗ್ವಾಡಿ ಹಿಡ್ಕೊಂಡು ಯಾಕ ನಡೀತೀರಿ?"

ವರ್ಷಗಳು ಹೋದಂತೆ ಕೆಟ್ಟದ್ದೊಂದು ನಡೆಯತೊಡಗಿತು. ಕತೆ ನನಗೆ ನೆನಪಾಗಲು ಸುರುವಾಯಿತು. ಹೇಳಿದ್ದು ನೆನಪಾಗುವುದಲ್ಲ, ನಡೆದದ್ದು. ತೊಡೆಯ ಸುತ್ತ ನೀರಿನ ತಂಪು, ಅಂಗೈಯಲ್ಲಿ ಟಗರಿನ ಕೋಡಿನ ಒರಟು, ಕಾಲಡಿ ಜಾರುವ ಉಸುಕು. ಇಂಡಿಗೆ ವರ್ಗವಾದಾಗ, ಇಲ್ಲಿ ಹೊಳೆಯ ಮಾತಿಲ್ಲ, ಬರೀ ನಿಂಬೆಯ ತೋಟಗಳು ಎಂದು ಖುಷಿಪಟ್ಟಿದ್ದೆ. ಆದರೆ ನಮ್ಮ ಕಚೇರಿ ಇದ್ದದ್ದು ಸಾಲೋಟಗಿಯ ರಸ್ತೆಗೆ. ದಿನಾ ಇಳಿಹೊತ್ತಿಗೆ ಅಲ್ಲಿ ಕುರಿಹಿಂಡು ಹಾಯುತ್ತಿತ್ತು. ಒದರುತ್ತ ಬರುವವರೆಗೆ ನನಗೇನೂ ಅನ್ನಿಸುತ್ತಿರಲಿಲ್ಲ. ಎಲ್ಲೋ ಒಂದು ಕ್ಷಣ, ಯಾವ ಕಾರಣಕ್ಕೋ, ಇಡೀ ಹಿಂಡು ಸುಮ್ಮನಾದರೆ ನಾನು ಬರೆಯುತ್ತಿದ್ದುದನ್ನು ಅರ್ಧಕ್ಕೇ ಬಿಡುತ್ತಿದ್ದೆ. ಎದ್ದು ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದೆ. ಕಂಬಳಿ ಹೊದ್ದ ಪ್ರತಿಯೊಬ್ಬನೂ ನನ್ನ ಕಣ್ಣಿಗೆ ಗೆಳೆಯನೇ. ಹೊರ್ತಿ ಎಂಬ ಊರಿಗೆ ಉಗ್ರಾಣ ನೋಡಲು ಹೋದಾಗ ಬೇವಿನ ಗಿಡದ ಕೆಳಗೆ ಕಂಬಳಿಯ ಮನುಷ್ಯನೊಬ್ಬ ನನ್ನನ್ನೇ ನೋಡುತ್ತ ನಿಂತಿದ್ದ. ಅರ್ಧ ತಾಸು ಉಗ್ರಾಣದೊಳಗೇ ಚೀಲ ಎಣಿಸುತ್ತ ಉಳಿದೆ. ಹೊರಬಂದಾಗ ಅವನು ಕೇಳಿದ್ದು ಬೆಂಕಿಕಡ್ಡಿ.

ದಶಕದ ಕೊನೆಗೆ ಒಂದು ಬೇಸಿಗೆ, ಕಚೇರಿಯ ಕೆಲಸಕ್ಕೆ ಸಿಂದಗಿಗೆ ಹೋಗಿ ಇಂಡಿಗೆ ತಿರುಗಿ ಬರುತ್ತಿದ್ದೆ. ಜೊತೆಗೆ ನಮ್ಮ ಕಚೇರಿಯ ಜವಾನ, ಬಾಯಿಬಡಕ, ನನ್ನ ಮೇಲೆ ಬಹಳ ಅಭಿಮಾನದವನು. ಬಸ್ಸು ತುಂಬಿತ್ತು. ಊರು ದಾಟಿದ ಮೇಲೆ ಕಂಡಕ್ಟರ್ ಸಾಲು ಸಾಲಾಗಿ ಟಿಕೀಟು ಹರಿಯುತ್ತ ಬಂದ. ಖಾಕಿ ಅಂಗಿ, ಕಿವಿಯ ಹಿಂದೆ ಪೆನ್ಸಿಲು. ತಲೆಯೆತ್ತಿ ನೋಡಿದೆ. ಗೆಳೆಯ.

ಅವನೂ ನೋಡಿದ. ಗುರುತು ಹಿಡಿದನೆಂದು ಕಣ್ಣಲ್ಲಿ ತಿಳಿಯಿತು. "ಎಲ್ಲಿಗ್ರಿ ಸಾಹೇಬ್ರ?" ಎಂದ.

"ಇಂಡಿ. ಎರಡು" ಎಂದೆ. ಮುಂದೆ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವುದರೊಳಗೆ ಜವಾನ ಸುರುಮಾಡಿದ.

"ಕಂಡಕ್ಟರ್ ಸಾಹೇಬ್ರ, ಇವ್ರು ಯಾರು ಅಂತ ಗೊತ್ತೈತೇನ್ರಿ? ನೋಡಾಕ ಹಿಂಗದಾರ, ತುಂಬಿದ ಕೃಷ್ಣಾ ಹೊಳಿ ದಾಟ್ಯಾರ! ಕೊಳ್ಳಮಟ ನೀರು, ಬಗಲಾಗ ಎರಡು ಕುರಿ, ಹೆಗಲ ಮ್ಯಾಲೊಂದು!"

ಹಿಂದಿನ ಸಾಲಿನವರು ಕತ್ತು ಚಾಚಿದರು. ನನ್ನ ಬೆನ್ನು ಬೆವರಿನಿಂದ ಸೀಟಿಗೆ ಅಂಟಿತು. ಗೆಳೆಯ ಟಿಕೀಟಿಗೆ ತೂತು ಹೊಡೆಯುತ್ತ ಕೇಳಿದ: "ಎಲ್ಲಿರಿ?"

"ತಂಗಡಗಿ ಕಡೆ" ಎಂದ ಜವಾನ.

"ಹಾಂ. ಅಲ್ಲೆ ಸೆಳವು ಭಾಳ. ಗಟ್ಟಿಗರದಾರ ಸಾಹೇಬ್ರು." ಟಿಕೀಟು ನನ್ನ ಕೈಗಿಟ್ಟು ಮುಂದಿನ ಸಾಲಿಗೆ ಹೋದ.

ಇಂಡಿಯವರೆಗಿನ ದಾರಿಯಲ್ಲಿ ಆ ಜವಾನ ಇಡೀ ಬಸ್ಸಿಗೆ ನನ್ನ ಕತೆ ಹೇಳಿದ. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಗೆಳೆಯ ಬಾಗಿಲಿನ ಕಂಬಕ್ಕೆ ಆತು ನಿಂತು ಹೊರಗೆ ನೋಡುತ್ತಿದ್ದ.

ಇಂಡಿಯಲ್ಲಿ ಎಲ್ಲರೂ ಇಳಿದರು. ಜವಾನನನ್ನು ಮುಂದೆ ಕಳಿಸಿ ನಾನು ಬಸ್ಸಿನ ನೆರಳಿನಲ್ಲಿ ನಿಂತೆ. ಅವನು ಚೀಲ ಬಗಲಿಗೆ ಹಾಕಿಕೊಂಡು ಇಳಿದು ಬಂದ.

"ಅಂಜಬ್ಯಾಡ ಸಾವ್ಕಾರ" ಎಂದ. "ನಾ ಏನೂ ಅನ್ನೂದಿಲ್ಲ. ಎರಡು ವರ್ಷ ಕುರಿ ಕಾಯ್ದೆ, ಆಮ್ಯಾಲ ಈ ನೌಕರಿ ಸಿಕ್ತು. ಛಲೋ ಐತಿ."

"ತಪ್ಪಾತೋ" ಎಂದೆ. "ನಿನ್ನ ಕತಿ ನಾ ಕದ್ದೆ. ನೀ ದಾಟಿದ ಹೊಳಿ..."

"ನಾ ಎಲ್ಲಿ ದಾಟಿದ್ನಿ?"

ಅರ್ಥವಾಗಲಿಲ್ಲ. ಅವನು ಪೆನ್ಸಿಲು ತೆಗೆದು ಮತ್ತೆ ಕಿವಿಯ ಹಿಂದೆ ಸಿಕ್ಕಿಸಿಕೊಂಡ.

"ದಾಟಿದಾಕಿ ನಮ್ಮವ್ವ. ಅಪ್ಪ ಅವತ್ತು ಜ್ವರ ಬಂದು ಊರಾಗ ಬಿದ್ದಿದ್ದ. ಆಕೀನ ಟಗರು ಹಿಡ್ಕೊಂಡು ಇಳದಳು. ನಾ ಗಡ್ಡಿ ಮ್ಯಾಲ ನಿಂತು ಅಳಾಕತ್ತಿದ್ದೆ. ಕುರಿ ಎಲ್ಲಾ ಸುಮ್ಮಕ ಹೋದ್ವು ಅಂತ ಹೇಳಿದ್ನೆಲ್ಲ, ಅವ್ವ ಸುಮ್ಮಕ ಇದ್ದಿಲ್ಲ. ಆಕಡಿ ದಂಡಿ ಮುಟ್ಟೂತನಕ ನನ್ನ ಬೈಕೋಂತ ಹೋದಳು. 'ಇಳೀತಿಯೋ ಇಲ್ಲೋ ಹಾಟ್ಯಾ, ಕುರೀಗಿದ್ದಷ್ಟು ಎದಿ ಇಲ್ಲೇನು ನಿನಗ' ಅಂತ. ಕಡೀಕ ತಿರಿಗಿ ಬಂದು ನನ್ನ ಹೆಗಲ ಮ್ಯಾಲ ಹೊತ್ಕೊಂಡು ಹ್ವಾದಳು."

"ಮತ್ತ ಮಾಸ್ತರ ಮುಂದ?"

"ಮಾಸ್ತರು 'ನಾನು' ಅನ್ನು ಅಂದ್ರು, ಅಂದೆ. ಹೇಳಿ ಹೇಳಿ ನನಗ ಅಸಂಯ್ಯ ಆಗಿತ್ತು. ಬಾಗೇವಾಡಿಯಾಗ ಒಳಗ ಹೋಗೂ ಮುಂದ ನಿರ್ಧಾರ ಮಾಡಿದ್ದೆ, ಇದು ನಮ್ಮವ್ವ ಮಾಡಿದ್ದು ಅಂತ ಖರೇ ಹೇಳಬೇಕು ಅಂತ. ನೌಕರಿ ಆಗ್ಲಿ ಬಿಡ್ಲಿ, ದೊಡ್ಡ ಮಂದಿ ಮುಂದ ಒಮ್ಮೆ ಆಕೀದು ಹೇಳಬೇಕು ಅಂತ. ಹೊಳಿ ಅನ್ನೂದ್ರಾಗ ಅವ್ರು ನಗಾಕ ಹತ್ತಿದ್ರು."

"ಅವ್ವ ಹ್ಯಾಂಗದಾಳ?" ಎಂದು ಕೇಳಿದೆ.

"ಹ್ವಾದಳು. ಎರಡು ವರ್ಷಾತು." ಡ್ರೈವರ್ ಹಾರ್ನ್ ಹೊಡೆದ. ಅವನು ಮೆಟ್ಟಿಲು ಹತ್ತಿ, ತಿರುಗಿ ನೋಡಿ, "ನೀ ಹೇಳಿದ್ರ ಜನ ಕೇಳ್ತಾರ ನೋಡು. ನಾ ಹೇಳಿದ್ರ ಕೇಳೂದಿಲ್ಲ" ಎಂದ. ಅದು ಬೈಗುಳವೋ, ಬೇಡಿಕೆಯೋ, ಬರೀ ಮಾತೋ, ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ.

ಮರುದಿನವೇ ಕಚೇರಿಯಲ್ಲಿ ಹೇಳಿಬಿಟ್ಟೆ. ಎಲ್ಲರನ್ನೂ ಕೂರಿಸಿಕೊಂಡು, ಹೊಳೆ ದಾಟಿದ್ದು ನಾನಲ್ಲ, ಗೆಳೆಯನ ತಾಯಿ, ನಾನು ಸುಳ್ಳು ಹೇಳಿ ಈ ಕುರ್ಚಿಗೆ ಬಂದವನು ಎಂದೆ. ನೌಕರಿ ಹೋಗುವುದೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಅವರು ಒಬ್ಬರನ್ನೊಬ್ಬರು ನೋಡಿ ನಕ್ಕರು. "ನೋಡ್ರಿ, ಹೊಗಳಿದ್ರ ಹೆಂಗ ಸಂಕೋಚ ಮಾಡ್ಕೋತಾರ ನಮ್ಮ ಸಾಹೇಬ್ರು" ಎಂದ ಜವಾನ. "ಹೆಣ್ಮಗಳು ದಾಟೂ ಹೊಳಿ ಐತೇನ್ರಿ ಅದು?" ಎಂದರು ಇನ್ನೊಬ್ಬರು. ಅಂದಿನಿಂದ ನನ್ನ ಕೀರ್ತಿಗೆ ವಿನಯವೂ ಸೇರಿಕೊಂಡಿತು.

ನಂಬಿದವಳು ಹೆಂಡತಿ ಒಬ್ಬಳೇ. ಮೊರದಲ್ಲಿ ಜೋಳ ಹಸನು ಮಾಡುತ್ತ ಪೂರ್ತಿ ಕೇಳಿದಳು. ಬಚ್ಚಲದ ಗೋಡೆಯ ವಿಷಯ ಎತ್ತಲಿಲ್ಲ, ಅದು ಅವಳ ದೊಡ್ಡತನ. ಕೊನೆಗೆ ಕೇಳಿದಳು: "ಆಕಿ ಹೆಸರೇನ್ರಿ?"

"ಕೇಳಲಿಲ್ಲ."

ಅವಳ ಕೈ ಮೊರದ ಮೇಲೆ ನಿಂತಿತು. "ಇಷ್ಟು ವರ್ಷ ಆಕೀ ಮ್ಯಾಲೆ ಉಂಡೇವಿ. ಹೆಸರರ ಕೇಳಬೇಕೋ ಬ್ಯಾಡೋ?"

ಮರುವಾರ ಅದೇ ಬಸ್ಸಿಗೆ ಕಾಯ್ದೆ. ಕಂಡಕ್ಟರ್ ಬೇರೆಯವನು. ಗೆಳೆಯನನ್ನು ದೂರದ ಡಿಪೋಕ್ಕೆ ಹಾಕಿದ್ದಾರೆ ಎಂದ, ಎಲ್ಲಿಗೆಂದು ಗೊತ್ತಿಲ್ಲ ಎಂದ. ತಂಗಡಗಿಗೆ ಹೋಗಿ ವಿಚಾರಿಸಬಹುದಿತ್ತು. ಹೋಗಲು ಎರಡು ಸಲ ಹೊರಟು, ಅವರ ಮನೆಯವರು ಬಾಗಿಲಲ್ಲಿ ನಿಂತು "ನೀವು ಯಾರು?" ಎಂದರೆ ಏನು ಹೇಳಬೇಕೆಂದು ಬಾಯಿಪಾಠ ಮಾಡುತ್ತ, ಉತ್ತರ ಕೂಡದೆ, ಸ್ಟ್ಯಾಂಡಿನಿಂದಲೇ ತಿರುಗಿ ಬಂದೆ.

ಈಗ ಸಾಲೋಟಗಿ ರಸ್ತೆಯಲ್ಲಿ ಹಿಂಡು ಸುಮ್ಮನಾದರೆ ನಾನು ಕಿಟಕಿ ಹಾಕುವುದಿಲ್ಲ. ಹಾಕಿ ಪ್ರಯೋಜನವಿಲ್ಲ. ಮಧ್ಯಾಹ್ನ ಉಂಡು ಕಣ್ಣು ಮುಚ್ಚಿದರೆ ಸಾಕು, ನೀರು ಏರುತ್ತಿರುತ್ತದೆ, ನಾನು ನಡುಗಡ್ಡೆಯ ಮೇಲೆ ಒಬ್ಬನೇ. ಆಚೆಯ ದಂಡೆಯಿಂದ ಒಬ್ಬ ಹೆಂಗಸು ಬೈಯುತ್ತಾಳೆ. ಮುಖ ಕಾಣುವುದಿಲ್ಲ, ದನಿ ಸ್ಪಷ್ಟ. ತಿರುಗಿ ಒಮ್ಮೆಯಾದರೂ ಓಗೊಡಬೇಕೆಂದು ಬಾಯಿ ತೆರೆಯುತ್ತೇನೆ, ಏನೆಂದು ಕರೆಯಬೇಕೋ ತಿಳಿಯುವುದಿಲ್ಲ.